ನಮ್ಮವರು

'ಮನೆಗಳ ಕಿಟಕಿ ನೋಡುತ್ತಾ, ಅಳೆಯುತ್ತಾ ಓಡಾಡುವ ಅಪರಿಚಿತರು ಕಂಡರೆ ಕೂಡಲೇ ತಿಳಿಸಿ.'

ಇಷ್ಟು ಟೈಪ್ ಮಾಡಿ ಅವಳ ಹೆಬ್ಬೆರಳು ನಿಂತುಬಿಟ್ಟಿತು.

ಬಡಾವಣೆಯ ಎರಡು ಮನೆಗಳಿಗೆ ಒಂದೇ ವಾರದಲ್ಲಿ ಕಳ್ಳ ನುಗ್ಗಿದ್ದ. ಎರಡೂ ಕಡೆ ಕಿಟಕಿಯ ಸೊಳ್ಳೆ ಜಾಲರಿಯನ್ನು ನೀಟಾಗಿ ಕತ್ತರಿಸಿ, ಕೈ ತೂರಿಸಿ ಚಿಲಕ ತೆಗೆದಿದ್ದ. ಜನರನ್ನು ಎಚ್ಚರಿಸುವುದು ಬೀಟ್ ಪೊಲೀಸ್ ಆದ ಅವಳ ಕೆಲಸ. ಬಡಾವಣೆಯ ಗ್ರೂಪಿಗೆ ಅವಳು ದಿನವೂ ಹಾಕುವ 'ಬೆಳಗಿನ ಸೂಚನೆ'ಯನ್ನು ಜನ ಹಲ್ಲುಜ್ಜುತ್ತಲೇ ಓದುತ್ತಿದ್ದರು. ಎಲ್ಲಿ ಬೀದಿದೀಪ ಕೆಟ್ಟಿದೆ, ಎಂಥ ಮೋಸದ ಕರೆ ಬರುತ್ತಿದೆ, ಯಾರ ಸ್ಕೂಟರ್ ಕೀ ಪೊಲೀಸ್ ಚೌಕಿಯಲ್ಲಿದೆ, ಎಲ್ಲ ಅದರಲ್ಲಿರುತ್ತಿತ್ತು. 'ಬೀಟ್ ಮೇಡಂ' ಹೇಳಿದ್ದಾರೆಂದರೆ ಮುಗಿಯಿತು, ಅದರ ಮೇಲೆ ಮಾತಿಲ್ಲ.

ಇವತ್ತಿನ ಸಾಲನ್ನು ಠಾಣೆಯ ಸಾಹೇಬರೇ ಫೋನಿನಲ್ಲಿ ಹೇಳಿಕೊಟ್ಟಿದ್ದರು. ಸಾಲಿನಲ್ಲಿ ತಪ್ಪೇನಿರಲಿಲ್ಲ. ಆದರೆ ಈ ಬಡಾವಣೆಯಲ್ಲಿ ಕೈಯಲ್ಲಿ ಟೇಪು ಹಿಡಿದು ಕಿಟಕಿ ಅಳೆಯುತ್ತಾ ಓಡಾಡುವವನು ಒಬ್ಬನಿದ್ದ, ಮತ್ತು ಅವನು ಅವಳಿಗೆ ಖಂಡಿತ ಅಪರಿಚಿತನಾಗಿರಲಿಲ್ಲ.

ಅವನು ಮೊದಲು ಬಂದದ್ದು ಚೌಕಿಯ ಕಿಟಕಿಗೆ ಜಾಲರಿ ಹಾಕಲು. ಸ್ಟೂಲು ಹತ್ತಿ, ಬಾಯಲ್ಲಿ ಎರಡು ಮೊಳೆ ಕಚ್ಚಿಕೊಂಡು, ಮೊಳೆಯ ಸಂದಿಯಿಂದಲೇ ಕೇಳಿದ್ದ.

"ಪೊಲೀಸರಿಗೂ ಸೊಳ್ಳೆ ಕಚ್ಚುತ್ತಾ ಮೇಡಂ?"

"ಕಚ್ಚಿದ್ರೆ ಒಳಗೆ ಹಾಕ್ತೀವಿ."

"ಹಾಗಾದ್ರೆ ಹತ್ತಿರ ಬರೋರು ಯೋಚ್ನೆ ಮಾಡಿ ಬರ್ಬೇಕು."

ಅವಳು ಫೈಲಿನ ಹಿಂದೆ ಮುಖ ಮುಚ್ಚಿಕೊಂಡು ನಕ್ಕಿದ್ದಳು. ಅವನು ಯೋಚನೆ ಮಾಡಿದಂತೆ ಕಾಣಲಿಲ್ಲ. ಅಲ್ಲಿಂದ ಮುಂದೆ ಆ ಒಂದು ಕಿಟಕಿಗೆ ಅದೆಷ್ಟು ಸಲ ರಿಪೇರಿ ಬಂತೋ ದೇವರಿಗೇ ಗೊತ್ತು. ಒಂದು ದಿನ ಅವಳು ರಿಪೇರಿ ನೋಡಲು ಸ್ಟೂಲಿನ ಪಕ್ಕದಲ್ಲೇ ನಿಂತಳು. ಅವನು ಟೇಪನ್ನು ಅವಳ ಕೊರಳಿಗೆ ಹಾರದ ಹಾಗೆ ಹಾಕಿ ಫೋಟೋ ತೆಗೆದ. ತೆಗೆಯಬೇಡಿ ಎಂದು ಬಾಯಲ್ಲಿ ಹೇಳಿದಳೇ ಹೊರತು ಕೊರಳು ಸರಿಸಲಿಲ್ಲ.

ಪ್ರೀತಿ ಗಟ್ಟಿಯಾದ ಮೇಲೆ ಅವಳೇ ಒಂದು ಕಾನೂನು ಮಾಡಿದ್ದಳು. ಯೂನಿಫಾರಂ ಹಾಕಿದ್ದಾಗ ನಾನು ನಿಮಗೆ ಯಾರೂ ಅಲ್ಲ, ನೀವೂ ನನಗೆ ಯಾರೂ ಅಲ್ಲ. ಕಾವಲು ಕಾಯುವವಳಿಗೆ ಅದೇ ಬೀದಿಯಲ್ಲಿ ತನ್ನವನೊಬ್ಬ ಇದ್ದಾನೆಂದರೆ ಜನ ನಾಲ್ಕು ಮಾತಾಡುತ್ತಾರೆ. ಸಾಹೇಬರು ಬೀಟ್ ಬದಲಾಯಿಸುತ್ತಾರೆ. ಮನೆಯಲ್ಲಿ ಅಮ್ಮ ಬೇರೆ, ಸರ್ಕಾರಿ ಕೆಲಸದ ಹುಡುಗನೇ ಆಗಬೇಕೆಂದು ಪಟ್ಟು ಹಿಡಿದು ಕೂತಿದ್ದರು.

ಹೋದ ವಾರ ಅವನು ಕೇಳಿದ್ದ. "ಇನ್ನೆಷ್ಟು ದಿನ ನಾನು ಯಾರೂ ಅಲ್ದೇ ಇರ್ಲಿ?"

"ಸ್ವಲ್ಪ ದಿನ."

"ನಮ್ಮ ಮಾವ ಬೇರೆ ಊರಲ್ಲಿ ಅಂಗಡಿ ಹಾಕ್ತಿದ್ದಾರೆ. ನನ್ನನ್ನೂ ಕರೀತಿದ್ದಾರೆ. ನೀವು ಇರು ಅಂದ್ರೆ ಇರ್ತೀನಿ. ಸ್ವಲ್ಪ ದಿನ ಇರು ಅಂದ್ರೆ ಇರಲ್ಲ."

ಹೇಳಿ ನಕ್ಕ. ಆ ನಗು ಅವಳಿಗೆ ಇಷ್ಟವಾಗಲಿಲ್ಲ. ಉತ್ತರ ಮಾತ್ರ ಇನ್ನೂ ಕೊಟ್ಟಿರಲಿಲ್ಲ.

ಈಗ ಫೋನು ಹಿಡಿದು ಇನ್ನೊಂದು ಸಾಲು ಸೇರಿಸಿದಳು. 'ಜಾಲರಿ ಹಾಕುವವರು ಪರಿಚಿತರು, ಗಾಬರಿ ಬೇಡ.' ಓದಿಕೊಂಡಳು. ನಿಮಗೆ ಹೇಗೆ ಗೊತ್ತು ಮೇಡಂ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಅಪಾರ್ಟ್‌ಮೆಂಟ್ ಸಂಘದ ಸೆಕ್ರೆಟರಿಯಂತೂ ಬಿಡುವವರಲ್ಲ. ಸಾಲನ್ನು ಅಳಿಸಿದಳು. ಅವನಿಗೇ ಫೋನ್ ಮಾಡಿ ಇವತ್ತು ಈ ಕಡೆ ಬರಬೇಡಿ ಎಂದರಾಯಿತು. ಮಾಡಿದಳು. ಅವನು ಸ್ಕೂಟರಿನ ಮೇಲಿದ್ದನೋ ಏನೋ, ಎತ್ತಲಿಲ್ಲ. ಅಷ್ಟರಲ್ಲಿ ಶಾಲೆಯಿಂದ ಕರೆ ಬಂತು. ಮಕ್ಕಳಿಗೆ ರಸ್ತೆ ದಾಟುವುದನ್ನು ಹೇಳಿಕೊಡಲು ಅವಳು ಅಲ್ಲಿರಬೇಕಿತ್ತು.

ಸೂಚನೆ ಕಳಿಸಿ ಹೊರಟಳು.

* * *

ಬಲಕ್ಕೆ ನೋಡಿ, ಎಡಕ್ಕೆ ನೋಡಿ ಎಂದು ಹೇಳಿಕೊಡುತ್ತಿರುವಾಗಲೇ ಜೇಬಿನಲ್ಲಿ ಫೋನು ಒಂದೇ ಸಮ ನಡುಗತೊಡಗಿತು.

ಮೊದಲು ಬಂದದ್ದು ಫೋಟೋ. ಕಳಿಸಿದವರು ಅಪಾರ್ಟ್‌ಮೆಂಟಿನ ಮೂರನೇ ಮಹಡಿಯ ಅಜ್ಜಿ. ಬಾಲ್ಕನಿಯಲ್ಲಿ ಬೈನಾಕ್ಯುಲರ್ ಹಿಡಿದು ಹಕ್ಕಿಗಳಿಗಿಂತ ಹೆಚ್ಚಾಗಿ ಮನುಷ್ಯರನ್ನೇ ನೋಡುವವರು. ಚಿತ್ರದಲ್ಲಿ ನೆಲಮಹಡಿಯ ಕಿಟಕಿಗೆ ಟೇಪು ಹಿಡಿದ ಒಬ್ಬನ ಬೆನ್ನು. ಕೆಳಗೆ 'ಇವನೇ!' ಎಂಬ ಒಂದೇ ಪದ.

ಆ ಬೆನ್ನನ್ನು ಅವಳು ಎಲ್ಲಿದ್ದರೂ ಗುರುತು ಹಿಡಿಯುತ್ತಿದ್ದಳು.

ನೋಡನೋಡುತ್ತ ಮೆಸೇಜುಗಳು ಮೇಲೆ ಮೇಲೆ ಬಿದ್ದವು. ಗೇಟ್ ಹಾಕಿ. ಬಿಡಬೇಡಿ. ಕೊನೆಯದು ಸೆಕ್ರೆಟರಿಯದು: 'ಹಿಡಿದಿದ್ದೇವೆ. ಪಾರ್ಕಿಂಗಿಗೆ ಬನ್ನಿ.'

ಮಕ್ಕಳನ್ನು ಟೀಚರಿಗೆ ಒಪ್ಪಿಸಿ ಅವಳು ಬೈಕ್ ಹತ್ತಿದಳು. ದಾರಿ ಕಣ್ಣಿಗೆ ಬೀಳುತ್ತಿರಲಿಲ್ಲ. ತಾನೇ ಬರೆದ ಸಾಲು ಮಾತ್ರ ಮುಂದೆ ಮುಂದೆ ಓಡುತ್ತಿತ್ತು. ಏನೂ ಆಗದಿರಲಿ, ಏನೂ ಆಗದಿರಲಿ ಎಂದು ಹೆಲ್ಮೆಟ್ಟಿನೊಳಗೆ ಗಟ್ಟಿಯಾಗಿಯೇ ಹೇಳಿಕೊಳ್ಳುತ್ತಿದ್ದಳು.

ಪಾರ್ಕಿಂಗಿನಲ್ಲಿ ಜನ ಸುತ್ತುಗಟ್ಟಿದ್ದರು. ದಿನವೂ ಅವಳಿಗೆ ನಮಸ್ಕಾರ ಹೇಳುವ, ನಾಯಿ ಕಳೆದುಹೋದರೆ ಅವಳ ಮುಂದೆ ಅಳುವ ಜನವೇ. ಒಬ್ಬನ ಕೈಯಲ್ಲಿ ಕಬ್ಬಿಣದ ಪೈಪಿತ್ತು. ಅವಳನ್ನು ಕಂಡು ದಾರಿ ಬಿಟ್ಟರು.

ಅವನು ಕಂಬಕ್ಕೆ ಒರಗಿ ನಿಂತಿದ್ದ. ಶರ್ಟಿನ ಕಾಲರು ಹರಿದು ಜೋತಾಡುತ್ತಿತ್ತು. ತುಟಿ ಒಡೆದಿತ್ತು. ತಲೆಯೆತ್ತಿ ಅವಳನ್ನು ನೋಡಿದ, ಮರುಕ್ಷಣವೇ ಯಾರೋ ಬಂದರೆಂಬಂತೆ ಕಣ್ಣು ಬೇರೆ ಕಡೆ ತಿರುಗಿಸಿದ.

ಅವಳು ಮಾಡಿದ ಕಾನೂನು. ಏಟು ತಿಂದೂ ಪಾಲಿಸುತ್ತಿದ್ದ, ಹುಚ್ಚ.

"ಬನ್ನಿ ಮೇಡಂ," ಎಂದರು ಸೆಕ್ರೆಟರಿ, ಬಹುಮಾನ ಗೆದ್ದವರ ಹಾಗೆ. "ನಿಮ್ಮ ಸೂಚನೆ ಓದಿದ್ದಕ್ಕೇ ಸಿಕ್ಕಿಬಿದ್ದ ನೋಡಿ."

"ಯಾರು ಹೊಡೆದದ್ದು?"

"ಓಡೋಕೆ ನೋಡ್ದ ಮೇಡಂ."

"ಓಡಿಲ್ಲ," ಎಂದ ಅವನು ನೆಲ ನೋಡುತ್ತಾ. "ಟೇಪು ಕೈಜಾರಿ ಬಿತ್ತು. ಎತ್ಕೊಳ್ಳೋಕೆ ಬಗ್ಗಿದೆ, ಅಷ್ಟೇ."

"ನೆಲಮಹಡಿಯವ್ರು ಕರೆದ್ರು, ಹೊರಗಿಂದ ಅಳತೆ ತಗೋ ಅಂದ್ರು ಅಂತಾನೆ. ಅವ್ರು ಊರಲ್ಲೇ ಇಲ್ಲ, ಫೋನೂ ಸಿಗ್ತಿಲ್ಲ. ಮೆಸೇಜ್ ಇದ್ಯಾ ಅಂದ್ರೆ ಇದೆ ಅಂತಾನೆ. ತೋರ್ಸು ಅಂದ್ರೆ ಫೋನ್ ಲಾಕ್ ತೆಗೀತಿಲ್ಲ! ಇಲ್ಲಿ ನಿಂಗೆ ಗೊತ್ತಿರೋರು ಯಾರಾದ್ರೂ ಇದ್ದಾರಾ ಅಂದ್ರೆ ಯಾರೂ ಇಲ್ಲ ಅಂತಾನೆ. ನೀವೇ ಹೇಳಿ, ಕಳ್ಳ ಅಲ್ದೇ ಇನ್ನೇನು?"

ಲಾಕ್ ತೆಗೆದಿದ್ದರೆ ಅವನು ಈ ಹೊತ್ತಿಗೆ ಮನೆಯಲ್ಲಿರುತ್ತಿದ್ದ. ಆದರೆ ಲಾಕ್ ತೆಗೆದರೆ ಮೊದಲು ಕಾಣುವುದು ಕೊರಳಿಗೆ ಟೇಪು ಹಾಕಿಕೊಂಡು ನಗುತ್ತಿರುವ ಅವಳ ಮುಖ.

"ಮೊದ್ಲು ಲಾಕ್ ತೆಗೆಸಿ ಮೇಡಂ!" ಹಿಂದಿನಿಂದ ಯಾರೋ ಕೂಗಿದರು. ಪೈಪಿನವನು ಒಂದು ಹೆಜ್ಜೆ ಮುಂದೆ ಬಂದ.

ಸ್ಟೇಷನ್ನಿಗೆ ಕರೆದುಕೊಂಡು ಹೋಗುತ್ತೇನೆ ಎಂದು ಹೇಳಬಹುದಿತ್ತು. ಯಾರೂ ತಡೆಯುತ್ತಿರಲಿಲ್ಲ. ಸಂಜೆ ಹಿಂಬಾಗಿಲಿನಿಂದ ಬಿಡಬಹುದಿತ್ತು. ಆದರೆ ಅವನ ಬೆನ್ನಿನ ಚಿತ್ರ ಆಗಲೇ ಮನೆಮನೆ ತಲುಪಿತ್ತು. ಪೊಲೀಸ್ ಬೈಕಿನ ಹಿಂದೆ ಕೂತು ಹೋದನೆಂದರೆ ಆಮೇಲೆ ಯಾವ ದೇವರು ಬಂದು ಹೇಳಿದರೂ ಅವನು ಕಳ್ಳನೇ.

ಅವಳು ಹೋಗಿ ಅವನಿಗೂ ಪೈಪಿಗೂ ನಡುವೆ ನಿಂತಳು.

"ಇವರು ನಮ್ಮವರು," ಎಂದಳು.

ಸೆಕ್ರೆಟರಿಯ ಮುಖ ಅರಳಿತು.

"ಓಹೋ! ನಿಮ್ಮವ್ರು ಅಂದ್ರೆ ಡಿಪಾರ್ಟ್‌ಮೆಂಟಾ? ಮಫ್ತಿಯಲ್ಲಿದ್ದಾರಾ? ಅದಕ್ಕೇ ಫೋನ್ ತೋರಿಸ್ಲಿಲ್ಲ! ಮೊದ್ಲೇ ಹೇಳ್ಬಾರ್ದಾ ಸರ್?"

ನೋಡುತ್ತಿದ್ದಂತೆ ಪೈಪು ಕೆಳಗಿಳಿಯಿತು. 'ನೀನು' ಎನ್ನುತ್ತಿದ್ದವರೆಲ್ಲ 'ನೀವು' ಎನ್ನತೊಡಗಿದರು. ಕಾಲರು ಹಿಡಿದು ಹರಿದಿದ್ದವನೇ ಬಂದು ಅದನ್ನು ಸರಿಮಾಡಿ, "ಸಾರಿ ಸರ್, ಗೊತ್ತಾಗ್ಲಿಲ್ಲ," ಎಂದ.

ಎಷ್ಟು ಸಲೀಸು! ಅವಳು ಹೂಂ ಎನ್ನಬೇಕಾಗಿಯೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು. ಬೀಟ್ ಉಳಿಯುತ್ತಿತ್ತು, ಮರ್ಯಾದೆ ಉಳಿಯುತ್ತಿತ್ತು, ಅವನೂ ಉಳಿಯುತ್ತಿದ್ದ. ಅವಳು ಅವನ ಕಡೆ ತಿರುಗಿದಳು. ಅವನೂ ಕಣ್ಣಲ್ಲೇ ಹೇಳಿದ, ಹೂಂ ಅನ್ನಿ, ಪರವಾಗಿಲ್ಲ. ಹೇಳಿ, ಆಗಲೇ ಬೇರೆ ಊರಿಗೆ ಹೊರಟವನ ಹಾಗೆ ಮುಖ ಕೆಳಗೆ ಹಾಕಿದ.

ಅದನ್ನು ಅವಳಿಂದ ತಡೆಯಲಾಗಲಿಲ್ಲ.

"ಡಿಪಾರ್ಟ್‌ಮೆಂಟ್ ಅಲ್ಲ," ಎಂದಳು. ದನಿ ಎಲ್ಲರಿಗೂ ಕೇಳುವಷ್ಟಿತ್ತು. "ಇವರು ಪೊಲೀಸ್ ಅಲ್ಲ. ಸೊಳ್ಳೆ ಜಾಲರಿ ಹಾಕೋರು. ನಮ್ಮವರು ಅಂದ್ರೆ... ನನ್ನವರು. ನಾನು ಮದುವೆ ಆಗೋರು."

ಸೆಕ್ರೆಟರಿ ಒಂದು ಹೆಜ್ಜೆ ಹಿಂದೆ ಸರಿದರು.

"ಫೋನ್ ಲಾಕ್ ತೆಗೆದ್ರೆ ಕಾಣೋದು ನನ್ನ ಫೋಟೋ. ಅದಕ್ಕೇ ತೆಗೀಲಿಲ್ಲ. ಈಗ್ಲೂ ನೋಡ್ಬೇಕು ಅನ್ನೋರು ಮುಂದೆ ಬನ್ನಿ."

ಯಾರೂ ಬರಲಿಲ್ಲ.

"ಹೊಡೆದೋರು ಸಂಜೆ ಚೌಕಿಗೆ ಬನ್ನಿ. ಕಂಪ್ಲೇಂಟ್ ಕೊಡೋದು ಬಿಡೋದು ಇವರಿಗೆ ಬಿಟ್ಟದ್ದು. ಬರ್ದೇ ಇದ್ರೆ ನಾನೇ ಮನೆಮನೆಗೆ ಬರ್ತೀನಿ."

ಗುಂಪು ಕರಗುವಾಗ ಅಜ್ಜಿ ಲಿಫ್ಟಿನಿಂದ ಇಳಿದು ಬಂದರು. ಕೊರಳಲ್ಲಿ ಬೈನಾಕ್ಯುಲರ್, ಕೈಯಲ್ಲಿ ಬಟ್ಟೆ ಸುತ್ತಿದ ಐಸು.

"ಫೋಟೋ ಹಾಕಿದ ಪಾಪಿ ನಾನೇ ಕಣಪ್ಪಾ," ಎಂದರು. ಕಣ್ಣು ತುಂಬಿತ್ತು.

ಅವನು ಐಸನ್ನು ತುಟಿಗೆ ಒತ್ತಿಕೊಂಡ. "ಹಾಕೋದು ಹಾಕಿದ್ರಿ, ಮುಖ ಬರೋ ಹಾಗೆ ತೆಗೀಬಾರ್ದಿತ್ತಾ ಅಜ್ಜಿ? ಬೆನ್ನು ನೋಡಿ ಯಾರು ಹೆಣ್ಣು ಕೊಡ್ತಾರೆ?"

ಅಜ್ಜಿ ಅಳುತ್ತಲೇ ನಕ್ಕರು. ಅವಳಿಗೆ ಮಾತ್ರ ನಗು ಬರಲಿಲ್ಲ. ಅವನಿಗೆ ಹೇಳಬೇಕಾದ ಇನ್ನೊಂದು ಮಾತು ಉಳಿದಿತ್ತು.

* * *

ಚೌಕಿಯಲ್ಲಿ ಅವಳು ಹತ್ತಿಗೆ ಔಷಧ ಹಚ್ಚಿ ಅವನ ತುಟಿ ಒರೆಸಿದಳು. ಮುಖ ಅಷ್ಟು ಹತ್ತಿರವಿದ್ದರೂ ಇಬ್ಬರೂ ನೋಡಿಕೊಳ್ಳಲಿಲ್ಲ.

"ಬೆಳಗಿನ ಸೂಚನೆ ಬರೆಯೋವಾಗ ನಿಮ್ಮ ನೆನಪು ಬಂದಿತ್ತು," ಎಂದಳು.

ಅವನು ಅವಳ ಕೈ ಹಿಡಿದು ನಿಲ್ಲಿಸಿದ.

"ಬಂದಿತ್ತಾ?"

"ನಿಮಗೆ ತೊಂದ್ರೆ ಆಗ್ಬಹುದು ಅಂತ ಗೊತ್ತಿತ್ತು. ಜಾಲರಿ ಹಾಕೋರು ಪರಿಚಿತರು ಅಂತ ಒಂದು ಸಾಲು ಬರೆದೆ. ಹೇಗೆ ಗೊತ್ತು ಅಂತ ಕೇಳ್ತಾರೆ ಅಂತ ಅಳಿಸಿಬಿಟ್ಟೆ. ನಿಮಗೆ ಫೋನ್ ಮಾಡ್ದೆ, ನೀವು ಎತ್ತಲಿಲ್ಲ. ಆದ್ರೂ ಕಳಿಸ್ದೆ."

ಅವನು ಕೈ ಬಿಟ್ಟ. ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ಮಾಡಿ ನಿಂತ. ಏಟು ತಿನ್ನುವಾಗಲೂ ಬಗ್ಗದ ಭುಜ ಈಗ ಕುಸಿಯಿತು.

"ನಿಮಗೆ ನೆನಪೇ ಬಂದಿರಲ್ಲ ಅಂದ್ಕೊಂಡಿದ್ದೆ," ಎಂದ. "ಅಷ್ಟು ಹೊಡೀವಾಗ್ಲೂ ಅದನ್ನೇ ಅಂದ್ಕೊಂಡೆ. ಪಾಪ, ಕೆಲಸದ ಗಡಿಬಿಡಿ, ಮರೆತಿದ್ದಾಳೆ ಅಂತ."

"ಬೈರಿ ನನ್ನನ್ನ."

"ಬೈಯೋಕೆ ತುಟಿ ಆಡ್ತಿಲ್ಲ."

ತಮಾಷೆಯಂತೆ ಹೇಳಿದರೂ ದನಿಯಲ್ಲಿ ತಮಾಷೆ ಇರಲಿಲ್ಲ. ಬಾಗಿಲ ಪಕ್ಕದಲ್ಲಿಟ್ಟಿದ್ದ ತನ್ನ ಕೆಲಸದ ಚೀಲವನ್ನು ಹೆಗಲಿಗೇರಿಸಿದ. ಹೊರಡುವವನು ಹೊಸ್ತಿಲಲ್ಲಿ ನಿಂತು ತಿರುಗಿದ.

"ಆ ಸೆಕ್ರೆಟರಿ ದಾರಿ ತೆಗೆದುಕೊಟ್ಟಿದ್ರಲ್ಲ, ಮಫ್ತಿ ಅಂತ. ನಾನೂ ಹೂಂ ಅಂದಿದ್ದೆ. ಯಾಕೆ ಒಪ್ಕೊಳ್ಲಿಲ್ಲ?"

"ಬೆಳಗ್ಗೆ ಒಂದ್ಸಲ ನಿಮ್ಮನ್ನ ಬಿಟ್ಟುಕೊಟ್ಟಿದ್ದೆ," ಎಂದಳು ಅವಳು. ಹನಿ ಕೆನ್ನೆಗಿಳಿಯಿತು, ಒರೆಸಿಕೊಳ್ಳಲಿಲ್ಲ. "ಮತ್ತೆ ಬಿಟ್ಟುಕೊಡೋಕೆ ಆಗ್ಲಿಲ್ಲ. ಪ್ರಾಣ ಹೋದ ಹಾಗಾಯ್ತು. ನೀವು ಹೋಗೋದಾದ್ರೆ ಹೋಗಿ, ನಿಮ್ಮದು ತಪ್ಪಿಲ್ಲ. ಆದ್ರೆ ನಾನು ಇರಿ ಅಂತಾನೇ ಹೇಳೋದು. ಸ್ವಲ್ಪ ದಿನ ಅಲ್ಲ."

ಅವನು ಒಳಗೂ ಬರಲಿಲ್ಲ, ಹೊರಗೂ ಹೋಗಲಿಲ್ಲ.

ಮೇಜಿನ ಮೇಲೆ ಫೋನು ರಿಂಗಾಯಿತು. ಸಾಹೇಬರಿರಬೇಕೆಂದು ನೋಡಿದರೆ ಅಮ್ಮ. ಅಮ್ಮ ಗ್ರೂಪಿನಲ್ಲಿರಲಿಲ್ಲ, ಆದರೆ ಅಮ್ಮನ ಗೆಳತಿಯರಿಗೆ ಗ್ರೂಪಿನ ಹಂಗೇನಿರಲಿಲ್ಲ. ಸ್ಪೀಕರಿಗೆ ಹಾಕಿದಳು. ಇನ್ನು ಅವನಿಂದ ಮುಚ್ಚಿಡುವುದು ಏನೂ ಬೇಡವಾಗಿತ್ತು.

"ಏನೇ ಇದು, ನಾನು ಕೇಳ್ತಿರೋದು?"

"ನಿಜ ಅಮ್ಮಾ."

"ಎಷ್ಟು ದಿನದಿಂದ?"

"ಬಹಳ ದಿನದಿಂದ."

"ಹೆತ್ತವಳಿಗೆ ಹೇಳೋಕೆ ಬಾಯಿ ಬರ್ಲಿಲ್ಲ, ಪಾರ್ಕಿಂಗಲ್ಲಿ ಊರಿಗೆಲ್ಲ ಸಾರೋಕೆ ಬಂತು." ಆ ಕಡೆ ಮೂಗು ಎಳೆದುಕೊಂಡ ಸದ್ದು. "ತುಂಬಾ ಹೊಡೆದ್ರಂತಾ ಆ ಹುಡುಗನಿಗೆ?"

"ತುಟಿ ಒಡೆದಿದೆ."

"ಅಲ್ಲೇ ಇದ್ದಾನಾ? ಫೋನ್ ಕೊಡು ಅವನಿಗೆ."

ಅವಳು ಫೋನು ಚಾಚಿದಳು. ಅವನು ಹೊಸ್ತಿಲಲ್ಲೇ ನಿಂತು ಅದನ್ನು ನೋಡಿದ, ಅವಳ ಒದ್ದೆ ಮುಖ ನೋಡಿದ. ಚೀಲ ಇನ್ನೂ ಹೆಗಲ ಮೇಲಿತ್ತು. ಅವಳ ತೋಳು ಸೋಲತೊಡಗಿದಾಗ ಕೈ ನೀಡಿ ತೆಗೆದುಕೊಂಡ.

"ಹಲೋ," ಎಂದ.

"ಯಾರಪ್ಪಾ ನೀನು?" ಎಂದರು ಅಮ್ಮ.

ಬೆಳಗಿನಿಂದ ಎಲ್ಲರೂ ಅವನನ್ನು ಕೇಳಿದ್ದು ಅದನ್ನೇ. ಅವನು ಕಣ್ಣು ಮುಚ್ಚಿ ದೀರ್ಘವಾಗಿ ಉಸಿರೆಳೆದುಕೊಂಡ. ಆಮೇಲೆ ಹೆಗಲಿನ ಚೀಲವನ್ನು ಮೆಲ್ಲಗೆ ಒಳಗಿನ ನೆಲಕ್ಕಿಳಿಸಿದ.

"ನಿಮ್ಮವನೇ ಅಮ್ಮಾ," ಎಂದ.