ವೀರ್ಲೆಯ ಅಂಗಡಿಗೆ ಬಂದ ಹಾಲೆಂಡಿನವ

"ಒಂದು ಪೊಟ್ಟಣ ಪಟಾಟ್ ಕೊಡಿ!"

ಬೆಲ್ಜಿಯಂನ ಗೆಂಟ್ ಪಟ್ಟಣದ ಚರ್ಚಿನ ಪಕ್ಕದ ಗೂಡಂಗಡಿಯಲ್ಲಿ ಬಾಣಲೆ ಮುಂದೆ ನಿಂತಿದ್ದ ವೀರ್ಲೆ ತಲೆಯೆತ್ತಿದಳು.

"ನಮ್ಮಲ್ಲಿ ಪಟಾಟ್ ಅಂದ್ರೆ ಮೂಟೆಯಲ್ಲಿರೋ ಹಸಿ ಆಲೂಗಡ್ಡೆ. ಕರಿದ ಮೇಲೆ ಅದು ಫ್ರೀಟ್! ಹಾಲೆಂಡಿನವರಾ?"

"ಹೇಗೆ ಗೊತ್ತಾಯ್ತು?"

"ಬಾಯಿ ಬಿಟ್ಟ ಕೂಡಲೇ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆ ನಗು... ವೀರ್ಲೆಗೆ ಬಾಣಲೆಯ ಮೇಲಿನ ಗಮನವೇ ತಪ್ಪಿತು.

ಅವನ ಹೆಸರು ಸ್ಯೂರ್ಡ್. ಬೆಲ್ಜಿಯಂ ಊಟ-ತಿಂಡಿಯ ಬಗ್ಗೆ ಪತ್ರಿಕೆಗೆ ತಮಾಷೆಯಾಗಿ ಬರೆಯಲು ಬಂದವನು. ಐದು ದಿನ ಊರಲ್ಲಿದ್ದ. ಐದೂ ಮಧ್ಯಾಹ್ನ ಅಂಗಡಿಗೆ ಬಂದ. ಅಪ್ಪ ತೀರಿಕೊಂಡ ವಾರದಲ್ಲೇ ಇದೇ ಬಾಣಲೆ ಮುಂದೆ ನಿಂತು, ದುಡಿದು ತನ್ನನ್ನು ಸಾಕಿದ ಅಮ್ಮನ ಕಥೆಯನ್ನು ವೀರ್ಲೆ ಹೇಳಿದಾಗ ಅವನ ಕಣ್ಣು ತುಂಬಿತ್ತು.

ಮುಂದಿನ ಶನಿವಾರ, ದಿನವೂ ಬರುವ ಓಮರ್ ಅಜ್ಜ ಪತ್ರಿಕೆ ಬಿಡಿಸಿ ಸ್ಯೂರ್ಡ್ ಬರೆದದ್ದನ್ನು ಓದಿದ.

"'ಬೆಲ್ಜಿಯಂನವರು ಆಲೂಗಡ್ಡೆಯನ್ನು ಎರಡು ಸಲ ಕರಿಯುತ್ತಾರೆ. ಮೊದಲ ಸಲ ಕರಿದದ್ದು ಮರೆತೇ ಹೋಗಿರುತ್ತದೆ!'"

ಎಲ್ಲರೂ ಗೊಳ್ಳೆಂದರು. ವೀರ್ಲೆ ಸೌಟನ್ನು ಬಾಣಲೆಯ ಅಂಚಿಗೆ ಕುಟ್ಟಿದಳು.

'ಅಮ್ಮ ಕಲಿಸಿದ ಕೆಲಸ ಇವನಿಗೆ ಜೋಕಾ? ಆ ಕಣ್ಣೀರೂ ಜೋಕಾ...?'

ಭಾನುವಾರ ಸ್ಯೂರ್ಡ್ ಮತ್ತೆ ಬಂದ.

"ನಿಮಗೆ ಇಲ್ಲೇನೂ ಸಿಗಲ್ಲ!"

"ವೀರ್ಲೆ, ಅದು ತಮಾಷೆಗೆ..."

"ತಮಾಷೆ ಮಾಡೋರು ಕರಿದು ತೋರಿಸ್ಲಿ. ಬನ್ನಿ ಒಳಗೆ!"

ಅವನು ಕರಿದದ್ದು ಹೊರಗೆ ಸೀದು, ಒಳಗೆ ಹಸಿ. ಓಮರ್ ಅಜ್ಜ ಬಾಯಿಗಿಟ್ಟು ಉಗಿದ.

"ಥೂ ಮಾರಾಯ! ಇದನ್ನ ನಾಯೀನೂ ಮೂಸಲ್ಲ!"

"ಮೊದಲ ಸಲ ಸಣ್ಣ ಉರಿ, ಒಳಗೆ ಬೇಯ್ಬೇಕು. ತೆಗೆದು ಆರೋಕೆ ಬಿಟ್ಟು, ಆಮೇಲೆ ಜೋರು ಉರಿ," ಎಂದಳು ವೀರ್ಲೆ. "ನಮ್ಮಮ್ಮ ಮೂವತ್ತು ವರ್ಷ ಹೀಗೇ ಕರಿದಳು. ಅದು ಮರೆವಲ್ಲ!"

ಅವನ ಮುಖ ಕಂದಿತು.

"ಆ ಸಾಲು ಬರೆದದ್ದು ನನ್ನದೇ ತಪ್ಪು. ಆದ್ರೆ ಅಮ್ಮನ ಕಥೆ ಬರೀಲಿಲ್ಲ, ನಿನ್ನ ಹೆಸರೂ ಬರೀಲಿಲ್ಲ. ಅವನ್ನ ಊರವರ ನಗೆಗೆ ಕೊಡೋಕೆ ಮನಸ್ಸಾಗ್ಲಿಲ್ಲ... ನಿನ್ನ ಪ್ರೀತಿಸ್ತೀನಿ, ವೀರ್ಲೆ."

ಸಾಲಿನಲ್ಲಿದ್ದವರೆಲ್ಲ ಕತ್ತು ಚಾಚಿದರು.

"ನಾನಿನ್ನೂ ನಿನ್ನ ಕ್ಷಮಿಸಿಲ್ಲ!"

"ಗೊತ್ತು."

"ಅಂಗಡಿ ಬಿಟ್ಟು ನಿನ್ನೂರಿಗೆ ಬರಲ್ಲ!"

"ಬಾ ಅಂತ ಕರೀತಿಲ್ಲ. ನೀನು ಹೂಂ ಅಂದ್ರೆ ನಾನೇ ಇಲ್ಲಿರ್ತೀನಿ."

ವೀರ್ಲೆ ಕಣ್ಣೊರೆಸಿಕೊಂಡಳು. ಸೊಂಟಕ್ಕೆ ಕೈಯಿಟ್ಟು ಇಡೀ ಸಾಲಿಗೆ ಕೇಳುವಂತೆ ಹೇಳಿದಳು.

"ಹೂಂ! ನಾನೂ ಇವನನ್ನ ಪ್ರೀತಿಸ್ತೀನಿ. ನಗೋರು ಈಗಲೇ ನಕ್ಕುಬಿಡಿ!"

ಯಾರೂ ನಗಲಿಲ್ಲ. ಓಮರ್ ಅಜ್ಜ ಟೋಪಿ ತೆಗೆದು ಎದೆಗೊತ್ತಿಕೊಂಡ.

ಆಗ ಅವಳಿಗೆ ಸ್ಯೂರ್ಡನ ಕೆಂಪಾದ ಬೆರಳು ಕಂಡಿತು.

"ಸುಟ್ಕೊಂಡ್ಯಾ? ಕೊಡಿಲ್ಲಿ ಕೈ!"

"ನೋವಿಲ್ಲ."

"ಸುಳ್ಳು ಹೇಳ್ಬೇಡ."

"ಸರಿ, ಸ್ವಲ್ಪ ಇದೆ... ಹೀಗೇ ಹಿಡ್ಕೊಂಡಿರು."