ಕೊಳವೆಯ ನೀರು

ಕಡೂರಿನಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ನಮ್ಮ ಯಜಮಾನರು, ಎಂಬತ್ತೆರಡನೇ ಇಸವಿಯಲ್ಲಿ, ದಡದಲ್ಲಿ ನಿಂತು ರೇಡಿಯೋದಿಂದ ಓಡಿಸುವ ಮೊಳದುದ್ದದ ಮರದ ದೋಣಿಯೊಂದನ್ನು ಮಾಡಿದರು. ತರೀಕೆರೆಯ ವಸ್ತುಪ್ರದರ್ಶನದಲ್ಲಿ ಅದು ಓಡಿದರೆ ಹೈಸ್ಕೂಲಿನ ಲ್ಯಾಬಿನಲ್ಲಿ ಅವರಿಗೆ ಕೆಲಸ ಎಂದು ಮಾತಾಗಿತ್ತು. ಮೋಟಾರಿನಿಂದ ಹಿಂದಿನ ಪುಟ್ಟ ಫ್ಯಾನಿಗೆ ಹೋಗುವ ಶಾಫ್ಟು ಒಂದು ಹಿತ್ತಾಳೆ ಕೊಳವೆಯೊಳಗೆ ತಿರುಗಬೇಕು. ಒಳಗೆ ನೀರು ನುಗ್ಗದಂತೆ ಅದಕ್ಕೆ ಜಿಡ್ಡು ತುಂಬುವುದು ನನ್ನ ಪಾಲಿನ ಕೆಲಸ. ಮನೆಯಲ್ಲಿದ್ದ ಗಾಡಿಯ ಕೀಲೆಣ್ಣೆಯನ್ನೇ ತುಂಬಿದೆ.

ಬೆಳಗ್ಗೆ ನೋಡಿದರೆ ಕೀಲೆಣ್ಣೆ ಇಲ್ಲ. ಕೊಳವೆಯಿಂದ ತಣ್ಣನೆಯ ನೀರು ತೊಟ್ಟಿಕ್ಕುತ್ತಿತ್ತು, ಪಾಚಿಯ ವಾಸನೆ ಬೇರೆ. ದೋಣಿಯನ್ನು ಇನ್ನೂ ನೀರಿಗೇ ಇಳಿಸಿರಲಿಲ್ಲ.

“ಅಲ್ಲ ಕಣೇ, ಗಾಡಿಗೆ ಬಳಿಯೋದನ್ನ ಇದಕ್ಕೆ ತುಂಬ್ತಾರೇನೇ?” ಎಂದು ರೇಗಿದರು.

“ನೀವೇ ತುಂಬ್ರೀ ಹಂಗಾರೆ,” ಎಂದೆ.

ಅವರು ಪೇಟೆಯ ಗ್ರೀಸ್ ತುಂಬಿದರು. ಮರುದಿನವೂ ನೀರು. ಒರೆಸಿದೆವು, ಒಣಗಿಸಿದೆವು, ಮತ್ತೆ ತುಂಬಿದೆವು. ಕೊನೆಗೆ ಶಾಫ್ಟು ತುಕ್ಕು ಹಿಡಿದು ಕಚ್ಚಿಕೊಂಡಿತು. ಪ್ರದರ್ಶನ ಮುಗಿಯಿತು, ಕೆಲಸ ಬೇರೆಯವರ ಪಾಲಾಯಿತು. ಸಿಟ್ಟಿನಲ್ಲಿ ಅವರು ದೋಣಿಯನ್ನು ಒಲೆಗೆ ಹಾಕಿದರು.

ಕೆಂಡದ ನಡುವೆ ಕೊಳವೆ ಉಳಿಯಿತು. ಇಕ್ಕಳದಲ್ಲಿ ತೆಗೆದು ಮುಟ್ಟಿದೆ, ತಣ್ಣಗಿತ್ತು.

ಯಜಮಾನರು ತೀರಿಕೊಂಡ ಮೇಲೂ ಅದು ಗೋಡೆಯ ಗೂಡಿನಲ್ಲಿದೆ. ಕೆಳಗೊಂದು ಬಟ್ಟಲು ಇಟ್ಟಿದ್ದೇನೆ. ಬೆಳಗ್ಗೆ ಎದ್ದು ಮೊದಲು ಆ ನೀರು ಚೆಲ್ಲುತ್ತೇನೆ, ಆಮೇಲೆ ಬಾಗಿಲು ತೊಳೆಯುತ್ತೇನೆ.