ಮೇಲಿನ ಕಂಪ್ಯೂಟರ್, ಕೆಳಗಿನ ಕಂಪ್ಯೂಟರ್

ಮುನಿಸಿಕೊಂಡ ಗಂಡಸರು ಊಟ ಬಿಡುವುದುಂಟು, ಮಾತು ಬಿಡುವುದುಂಟು. ನಮ್ಮನೆಯವರು ಫೋಲ್ಡರ್‌ಗೇ ಬೀಗ ಹಾಕಿದ್ದಾರೆ ಎಂದು ಆ ಬೆಳಿಗ್ಗೆ ನನಗೆ ಅನಿಸಿತು.

ಮಹಡಿಯ ಮೇಲೆ ನನ್ನ ಕಂಪ್ಯೂಟರ್. ಕೆಳಗೆ, ಬೀದಿಬಾಗಿಲ ಪಕ್ಕದ ಕೋಣೆಯಲ್ಲಿ ಇವರದು. ಅದೇ ನಮ್ಮ ಸ್ಟುಡಿಯೋ. ಹೊಸದುರ್ಗದ ಸುತ್ತಮುತ್ತ ಎಲ್ಲಿ ಮದುವೆಯಾದರೂ ಇವರು, ಅಂದರೆ ಕಲ್ಲೇಶ್, ಫೋಟೊ ತೆಗೆದು ತಂದು ಕೆಳಗಿನ ಕಂಪ್ಯೂಟರಿಗೆ ತುಂಬುತ್ತಾರೆ. ನಾನು ಮೇಲಿನಿಂದಲೇ ಅದನ್ನು ತೆರೆದು ಆಲ್ಬಮ್ ಡಿಸೈನ್ ಮಾಡುತ್ತೇನೆ. ಎರಡೂ ಒಂದೇ ವೈಫೈನಲ್ಲಿರುವುದರಿಂದ ಮೆಟ್ಟಿಲು ಇಳಿಯುವ ಕೆಲಸವೇ ಇರಲಿಲ್ಲ. ಅಂದು ನೋಡಿದರೆ, ನನ್ನ ಸ್ಕ್ರೀನಿನಲ್ಲಿ ಕೆಳಗಿನ ಕಂಪ್ಯೂಟರಿನ ಹೆಸರೇ ಮಾಯ.

ಹಿಂದಿನ ಸಂಜೆಯಷ್ಟೇ ಚಿತ್ರದುರ್ಗದ ಕಲರ್ ಲ್ಯಾಬಿನಿಂದ ನನಗೆ ಫೋನ್ ಬಂದಿತ್ತು. ಡಿಸೈನರ್ ಕೆಲಸ. ಹತ್ತರಿಂದ ಐದೂವರೆ, ಭಾನುವಾರ ರಜೆ. ಮುಂದಿನ ಸೋಮವಾರದೊಳಗೆ ಹೇಳಬೇಕು. ವಿಷಯ ತಿಳಿಸಿದರೆ ಇವರು ಬ್ಯಾಟರಿ ಚಾರ್ಜಿಗೆ ಹಾಕುತ್ತಾ, "ಆಷಾಢ ಬರ್ಲಿ, ನೋಡಾಣ" ಎಂದರು.

ಎಲ್ಲಕ್ಕೂ ಇದೇ ಉತ್ತರ. ಆಷಾಢದಲ್ಲಿ ಮದುವೆಗಳಿಲ್ಲ, ಫೋಟೊದವರಿಗೆ ಅದೊಂದೇ ರಜೆ. ಸೋರುವ ನಲ್ಲಿ, ನನ್ನ ಹಲ್ಲುನೋವು, ಜೋಗಿಮಟ್ಟಿ ಬೆಟ್ಟ ನೋಡುವ ಆಸೆ, ಎಲ್ಲವೂ ಆಷಾಢಕ್ಕೇ. ಊರಿನ ಹೊಸ ಜೋಡಿಗಳು ಆಷಾಢದಲ್ಲಿ ಅಗಲಿದರೆ, ನಾವು ಆಷಾಢದಲ್ಲಿ ಕೂಡುವವರು. ಉಳಿದ ತಿಂಗಳುಗಳಲ್ಲಿ ನಾನು ಎದ್ದಾಗ ಇವರು ನಿದ್ದೆಯಲ್ಲಿ, ನಾನು ಮಲಗಿದಾಗ ಇವರು ದಾರಿಯಲ್ಲಿ. ಬೇರೆ ಗಂಡಹೆಂಡಿರ ಮುಖ ತಿದ್ದಿ ತಿದ್ದಿ ನನಗೆ ನನ್ನ ಗಂಡನ ಮುಖವೇ ಮರೆಯುವಂತಾಗಿತ್ತು.

ಕೆಳಗಿಳಿದು ಎಬ್ಬಿಸಿದೆ. "ರೀ, ನಿಮ್ಮ ಕಂಪ್ಯೂಟರ್ ನಂದ್ರಾಗೆ ಕಾಣ್ತಾನೇ ಇಲ್ಲ. ನೀವೇನಾದ್ರೂ ಮಾಡಿದ್ರಾ?"

"ನಾನ್ಯಾಕೆ ಮಾಡ್ಲಿ? ಏನೋ ಅಪ್‌ಡೇಟ್ ಅಂತ ತಿರುಗ್ತಿತ್ತಪ್ಪ" ಎಂದು ಕಣ್ಣುಜ್ಜುತ್ತಾ ಎದ್ದರು.

ವೈಫೈ ಡಬ್ಬಿ ಆರಿಸಿ ಹಚ್ಚಿದ್ದಾಯಿತು. ಎರಡೂ ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದ್ದಾಯಿತು. ಕೆಳಗಿನಿಂದ ಇವರು "ಈಗ ಬಂತಾ?" ಎನ್ನುವುದು, ಮೇಲಿನಿಂದ ನಾನು "ಇಲ್ಲ!" ಎನ್ನುವುದು.

ಅಡುಗೆಮನೆಯಿಂದ ಅತ್ತೆ ವೀರಮ್ಮ ರೇಗಿದರು. "ಅದೇನು ಹೊಲದಾಗೆ ಹಕ್ಕಿ ಓಡಿಸ್ದಂಗೆ ಕೂಗಾಡ್ತೀರ? ಒಬ್ರಾದ್ರೂ ಮೇಲೆ ಹೋಗ್ರಿ, ಇಲ್ಲ ಒಬ್ರಾದ್ರೂ ಕೆಳಗೆ ಬರ್ರಿ!"

ಕೊನೆಗೆ ಪೆನ್‌ಡ್ರೈವೇ ಗತಿಯಾಯಿತು. ನಡುವೆ ಒಂದು ದಿನ ತವರಿಗೆ ಹೋಗಿಬಂದದ್ದು ಬಿಟ್ಟರೆ, ದಿನವೂ ಅದನ್ನು ಹಿಡಿದು ಇಳಿಯುತ್ತಿದ್ದೆ. ಫೋಟೊಗಳು ಕಾಪಿಯಾಗುವವರೆಗೆ ಇವರ ಪಕ್ಕದ ಸ್ಟೂಲಿನಲ್ಲಿ ಕೂರಬೇಕು. ಇವರು ನಿದ್ದೆಗಣ್ಣಲ್ಲೇ ತಮ್ಮ ಟೀಯಲ್ಲಿ ಅರ್ಧ ಬಗ್ಗಿಸಿ ಕೊಡುತ್ತಿದ್ದರು. ಒಂದು ದಿನ ಕ್ಯಾಮೆರಾ ಇಲ್ಲದೆಯೇ ಒಂದು ಕಣ್ಣು ಮುಚ್ಚಿ ನನ್ನನ್ನು ನೋಡಿದರು.

"ಏನು?"

"ಏನಿಲ್ಲ. ಕಿಟಕಿ ಬೆಳಕು ಚೆನ್ನಾಗೈತೆ."

"ನಾನೇನು ನಿಮ್ಮ ಗಿರಾಕಿ ಅಲ್ಲ."

"ಗಿರಾಕಿ ಆಗಿದ್ರೆ ಸ್ವಲ್ಪ ನಗ್ರಿ ಅಂತಿದ್ದೆ" ಎಂದರು. ನಗಬಾರದು ಎಂದುಕೊಂಡೇ ನಕ್ಕೆ. ಮೇಲೆ ಹೋದ ಮೇಲೂ ಆ ನಗು ಸ್ವಲ್ಪ ಹೊತ್ತು ಉಳಿದಿತ್ತು. ಅಷ್ಟಕ್ಕೆ, ರಾತ್ರಿಯವರೆಗೂ ಆಲ್ಬಮ್ ಮುಂದೆ ಕೂತು ಬಂದ ಬೆನ್ನುನೋವು ಹೋಗುತ್ತದೆಯೇ? ಲ್ಯಾಬಿಗೆ ಹೋಗಿಬಿಡುತ್ತೇನೆ ಎಂದೇ ಇದ್ದೆ.

ಶನಿವಾರ, ಬೇಸತ್ತು, ನಮಗೆ ಕಂಪ್ಯೂಟರ್ ಕೊಟ್ಟ ಪೇಟೆಯ ಅಂಗಡಿಯ ಪ್ರದೀಪನಿಗೆ ಫೋನ್ ಮಾಡಿದೆ.

"ಅಯ್ಯೋ ಅಕ್ಕ, ನೀವು ಶ್ರೀರಾಂಪುರಕ್ಕೆ ತವರಿಗೆ ಹೋಗಿದ್ರಲ್ಲ, ಅವತ್ತೇ ಬಂದು ಸರಿ ಮಾಡಿದ್ನಲ್ಲ! ಅಪ್‌ಡೇಟ್ ಆದ್ಮೇಲೆ ಮನೆ ವೈಫೈನ ಬಸ್‌ಸ್ಟ್ಯಾಂಡ್ ವೈಫೈ ಅನ್ಕಂಡು, ಅದು ಯಾರಿಗೂ ಕಾಣಿಸ್ದಂಗೆ ಕುಂತಿತ್ತು. ಇದು ಮನೇದೇ ಅಂತ ಸೆಟ್ಟಿಂಗ್ ಬದಲಾಯಿಸ್ದೆ. ಅಣ್ಣನೂ ಮೇಲೆ ಹೋಗಿ ತೆಗೆದು ನೋಡಿದ್ರು."

ನಾನು ಕೆಳಗಿಳಿದೆ. ಇವರು ಭರಮಸಾಗರದ ಮದುವೆಯಿಂದ ಇನ್ನೂ ಬಂದಿರಲಿಲ್ಲ. ಸೆಟ್ಟಿಂಗ್ ತೆರೆದು ನೋಡಿದೆ. ವೈಫೈ ಪ್ರದೀಪ ಹೇಳಿದ ಹಾಗೆಯೇ ಇತ್ತು. ಇಲ್ಲಿನ ಫೋಲ್ಡರುಗಳನ್ನು ಮೇಲಿನ ಕಂಪ್ಯೂಟರಿಗೆ ಕಾಣಿಸುವ ಫೈಲ್ ಶೇರಿಂಗ್ ಮಾತ್ರ ಆಫ್. ಅಪ್‌ಡೇಟ್ ಮಾಡಿದ್ದಲ್ಲ ಇದು. ಆ ಕುರ್ಚಿಯಲ್ಲಿ ಕೂರುವವರು ಇನ್ಯಾರಿದ್ದಾರೆ? ಮೈಯೆಲ್ಲ ಉರಿಯಿತು.

ಮಧ್ಯಾಹ್ನ ಬಂದರು. ಹೆಗಲ ಬ್ಯಾಗ್ ಇಳಿಸುವ ಮೊದಲೇ ಕೇಳಿದೆ. "ಶೇರಿಂಗ್ ಆಫ್ ಮಾಡಿದ್ದು ನೀವಾ?"

ಬ್ಯಾಗಿನ ಪಟ್ಟಿ ಹಿಡಿದೇ ನಿಂತರು. "ಹೂಂ."

"ನಾನು ಚಿತ್ರದುರ್ಗದ ಲ್ಯಾಬಿಗೆ ಹೋಗ್ತೀನಿ ಅಂತ ಸಿಟ್ಟಾ?"

"ಸಿಟ್ಟಲ್ಲ ಚೈತ್ರಾ." ಸ್ಟೂಲಿನ ಮೇಲೆ ಕುಸಿದು ಕೂತರು. "ಪ್ರದೀಪ ಸರಿ ಮಾಡಿ ಹೋದ್ನಲ್ಲ, ಆಗ ಅನ್ನಿಸ್ತು, ಇನ್ನು ನೀನು ಕೆಳಗೆ ಇಳಿಯಲ್ಲ ಅಂತ. ಪೆನ್‌ಡ್ರೈವ್ ಹಿಡ್ಕಂಡು ಬಂದ್ರೆ ಅಷ್ಟು ಹೊತ್ತಾದ್ರೂ ನೋಡ್ತಿದ್ದೆ. ನೀನು ಹೋದ್ಮೇಲೆ ಅದೂ ಇಲ್ಲ."

"ಹೋಗ್ಬೇಡ ಅಂತ ಒಂದು ಮಾತು ಹೇಳೋಕೆ ಏನಾಗಿತ್ತು?"

"ಯಾವ ಬಾಯಾಗೆ ಹೇಳ್ಲಿ? ಇಲ್ಲೇ ಇಟ್ಕಂಡು ನಾನೇನು ನಿನ್ನ ಜತೆ ಇದ್ನಾ?"

ಬೈಯಬೇಕೆಂದೇ ಬಂದಿದ್ದೆ. ಇವರ ಅಂಗಿಯ ಮೇಲೆ ಯಾರದೋ ಮದುವೆಯ ಅಕ್ಕಿಕಾಳು ಇನ್ನೂ ಅಂಟಿಕೊಂಡಿದ್ದವು. ಒಂದೊಂದೇ ತೆಗೆದೆ. ಈ ಮನುಷ್ಯನೆಂದರೆ ನನಗೆ ಇನ್ನೂ ಇಷ್ಟ. ಸುಸ್ತು ಹೆಚ್ಚಾಗಿ ಅದು ಗಮನಕ್ಕೆ ಬಂದಿರಲಿಲ್ಲ ಅಷ್ಟೆ.

"ನಂಗೆ ಲ್ಯಾಬೇನೂ ಬೇಕಿರ್ಲಿಲ್ಲರೀ. ಐದೂವರೆಗೆ ಮುಗಿಯೋ ದಿನ ಬೇಕಿತ್ತು" ಎಂದೆ. "ನನ್ನ ಟೇಬಲ್ ಕೆಳಗೆ ಬರ್ಬೇಕು. ವಾರದಾಗೆ ಒಂದು ಸಂಜೆಯಾದ್ರೂ ನಮ್ಮದಾಗಿರ್ಬೇಕು. ಆಗುತ್ತೆ ಅಂದ್ರೆ ಇರ್ತೀನಿ. ಇಲ್ಲಾಂದ್ರೆ ಸೋಮವಾರ ಹೊರಡ್ತೀನಿ. ಸುಮ್ನೆ ಹೇಳ್ತಿಲ್ಲ."

"ಆಷಾಢ ಬರ್..." ಎಂದವರು ತಮ್ಮ ಬಾಯಿಗೆ ತಾವೇ ಕೈ ಅಡ್ಡ ಹಿಡಿದರು. ಆಮೇಲೆ ಫೋನ್ ತೆಗೆದು, ಅಂದು ಸಂಜೆಯ ಹೊಳಲ್ಕೆರೆಯ ರಿಸೆಪ್ಷನ್ನನ್ನು ಇನ್ನೊಬ್ಬ ಫೋಟೊದವನಿಗೆ ನನ್ನೆದುರೇ ಒಪ್ಪಿಸಿದರು.

ಟೇಬಲ್ ಮೆಟ್ಟಿಲಿಳಿಯುವಾಗ ಅತ್ತೆ ಬಂದು ನಿಂತರು. "ಅವತ್ತೇ ಹೇಳಿದ್ನಲ್ಲ, ಒಬ್ರು ಕೆಳಗೆ ಬರ್ರಿ ಅಂತ. ನನ್ನ ಮಾತು ಈ ಮನೇಲಿ ಯಾರು ಕೇಳ್ತಾರೆ?"

ಎರಡೂ ಕಂಪ್ಯೂಟರ್ ಪಕ್ಕಪಕ್ಕ ಕೂತವು. ಇವರು ಶೇರಿಂಗ್ ಆನ್ ಮಾಡಿದರು. ನನ್ನ ಸ್ಕ್ರೀನಿನಲ್ಲಿ ಇವರ ಹೆಸರು ಬಂತು, ಫೋಲ್ಡರ್ ತೆರೆಯಿತು, ಭರಮಸಾಗರದ ಮದುಮಗಳು ಒಂದೊಂದೇ ಫೋಟೊವಾಗಿ ಬರತೊಡಗಿದಳು. ಅಷ್ಟು ನೋಡುವುದರೊಳಗೆ ಇವರ ತಲೆ ನನ್ನ ಹೆಗಲಿಗೆ ವಾಲಿತು.

ಆ ಹೆಗಲು ಅಲುಗದಂತೆ ಇನ್ನೊಂದು ಕೈಯಲ್ಲಿ ಲ್ಯಾಬಿನ ನಂಬರ್ ಒತ್ತಿ, ನಾನು ಬರುವುದಿಲ್ಲವೆಂದು ಮೆಲ್ಲಗೆ ಹೇಳಿದೆ.

"ಕೇಳ್ತಿಲ್ಲ ಮೇಡಂ, ಸ್ವಲ್ಪ ಜೋರಾಗಿ ಹೇಳ್ರಿ" ಎಂದರು ಆ ಕಡೆಯಿಂದ.

"ಜೋರಾಗಿ ಆಗಲ್ಲ ಸರ್" ಎಂದೆ. "ನಮ್ಮನೆಯವ್ರು ಈಗಷ್ಟೇ ನಿದ್ದೆ ಹೋಗ್ಯಾರೆ."